ತೆರವಾಗಬಹುದಾದ ಜಾಗ

ಜಕ್ಕೂರಿನ ಮುನಿರಾಮಯ್ಯ ಆಸ್ಪತ್ರೆ ಸೇರಿದ್ದಕ್ಕೆ ಕಾರಣ ಒಂದು ಆಕಳಿಕೆ.

ಭಾನುವಾರ ಮಧ್ಯಾಹ್ನ ಮುದ್ದೆ, ಉಪ್ಸಾರು ಉಂಡು ಜಗಲಿಯ ಮೇಲೆ ಕೂತವನಿಗೆ ಅದು ಬಂತು. ಮೂವತ್ತೆರಡು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ‘ಒಳಗೆ ನಡೀರಿ, ಒಳಗೆ ನಡೀರಿ’ ಎಂದು ಕೂಗಿ ಕೂಗಿ ಅವನ ಬಾಯಿ ಊರಿನ ಉಳಿದವರ ಬಾಯಿಗಿಂತ ಒಂದಿಂಚು ಹೆಚ್ಚಿಗೆ ತೆರೆಯುತ್ತಿತ್ತು. ಅವತ್ತು ಇನ್ನರ್ಧ ಇಂಚು ತೆರೆಯಿತು. ಕಟಕ್ಕೆಂದು ದವಡೆ ಕಳಚಿಕೊಂಡಿತು. ಶಟರ್ ಸಿಕ್ಕಿಹಾಕಿಕೊಂಡ ಅಂಗಡಿಯ ಹಾಗೆ, ಬಾಯಿ ತೆರೆದದ್ದು ತೆರೆದೇ ನಿಂತಿತು. ಗಾಬರಿಯಿಂದ ಹೆಂಡತಿಯನ್ನು ಹುಡುಕಿಕೊಂಡು ಒಳಗೆ ಓಡಿದವನು ಬಾಗಿಲು ತಗ್ಗು ಎಂಬುದನ್ನು ಮರೆತ. ಹುಟ್ಟಿದಾಗಿನಿಂದ ಬಗ್ಗಿಯೇ ದಾಟಿದ್ದ ಬಾಗಿಲು ಅದು. ಹಣೆ, ಮೂಗು ಎರಡೂ ಒಟ್ಟಿಗೇ ಹೋಗಿ ಬಡಿದವು.

ಹೆಬ್ಬಾಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರ್ ಜಿಯಾವುಲ್ಲಾ ಎರಡು ಹೆಬ್ಬೆರಳಿನಿಂದ ಒತ್ತಿ ದವಡೆಯನ್ನು ಕ್ಷಣಮಾತ್ರದಲ್ಲಿ ಅದರ ಜಾಗಕ್ಕೆ ಕೂರಿಸಿದರು. ಹಣೆಗೆ ನಾಲ್ಕು ಹೊಲಿಗೆ, ಮೂಗಿಗೆ ಪ್ಲಾಸ್ಟರು, ಗಲ್ಲದಿಂದ ನೆತ್ತಿಯವರೆಗೆ ಸುತ್ತಿ ಸುತ್ತಿ ಬ್ಯಾಂಡೇಜು. ಕೊನೆಗೆ ಹೊರಗೆ ಉಳಿದದ್ದು ಊದಿಕೊಂಡ ಎರಡು ಕಣ್ಣು ಮಾತ್ರ. ಎರಡು ದಿನ ತುಟಿ ಪಿಟಕ್ಕೆನ್ನಬಾರದು, ಬಿ.ಪಿ. ಸ್ವಲ್ಪ ಏರಿದೆ, ಮಂಗಳವಾರದವರೆಗೆ ಇಲ್ಲೇ ಇರಲಿ ಎಂದು ಡಾಕ್ಟರು ಹೇಳಿದರು. ಇಬ್ಬರು ಹಂಚಿಕೊಳ್ಳುವ ರೂಮುಗಳೆಲ್ಲ ತುಂಬಿದ್ದವು. ಯಶವಂತಪುರದಲ್ಲಿದ್ದ ಮಗಳು ರಮಾಳ ಗಂಡನ ಕಂಪನಿಯ ಇನ್ಶೂರೆನ್ಸ್ ಇದ್ದದ್ದರಿಂದ ಮೂರನೇ ಮಹಡಿಯಲ್ಲಿ ಮುನಿರಾಮಯ್ಯನೊಬ್ಬನಿಗೇ ಒಂದು ರೂಮು ಸಿಕ್ಕಿತು. ನಂಬರು ಮುನ್ನೂರ ಹನ್ನೆರಡು.

ಅದೇ ಭಾನುವಾರ ಸಂಜೆ ಅದೇ ಆಸ್ಪತ್ರೆಗೆ ಇನ್ನೊಬ್ಬ ಮುನಿರಾಮಯ್ಯನವರು ಬಂದರು. ಇವರು ಪದವೀಧರ ಕ್ಷೇತ್ರದಿಂದ ಗೆದ್ದು ವಿಧಾನ ಪರಿಷತ್ತಿನಲ್ಲಿ ಕೂತಿದ್ದ ಎಂಎಲ್‌ಸಿ ಸಾಹೇಬರು. ವಯಸ್ಸು ಎಪ್ಪತ್ತೆಂಟು. ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಸುದ್ದಿ ಹರಡಬಾರದೆಂದು ಅವರ ಕಡೆಯವರು ಹೆಸರನ್ನು ಎಲ್ಲೂ ಬರೆಸದೆ ಐದನೇ ಮಹಡಿಯಲ್ಲಿ ಮಲಗಿಸಿದರು. ಆದರೂ ಟೀವಿಯವರಿಗೆ ಹೇಗೋ ತಿಳಿಯಿತು. ಸೋಮವಾರ ಬೆಳಿಗ್ಗೆ ಆರಕ್ಕೆಲ್ಲ ಪರದೆಯ ಕೆಳಗೆ ಅಕ್ಷರಗಳು ಓಡಿದವು: ‘ಎಂಎಲ್‌ಸಿ ಮುನಿರಾಮಯ್ಯ ಹೆಬ್ಬಾಳದ ಆಸ್ಪತ್ರೆಗೆ ದಾಖಲು. ಮುಖಕ್ಕೆ ಪೆಟ್ಟಾಗಿರುವ ಶಂಕೆ.’

ಸಾಹೇಬರ ಅವಧಿ ಇನ್ನೂ ನಾಲ್ಕು ವರ್ಷವಿತ್ತು. ನಡುವೆ ಜಾಗ ತೆರವಾದರೆ ಉಪಚುನಾವಣೆ. ಯಲಹಂಕದಿಂದ ಯಶವಂತಪುರದವರೆಗೆ ಅದರ ಮೇಲೆ ಆಸೆಯಿಟ್ಟುಕೊಂಡಿದ್ದವರೆಲ್ಲ ಅವತ್ತು ಅಲಾರಂ ಇಲ್ಲದೆ ಎದ್ದರು. ತೆರವು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಸಾಹೇಬರು ಬೇಗ ಗುಣವಾಗಲಿ ಎಂದು ವಾಟ್ಸಾಪಿನಲ್ಲಿ ಕೈಮುಗಿದರು. ಆಮೇಲೆ, ಗುಣವಾಗುವ ಲಕ್ಷಣ ನಿಜವಾಗಿ ಎಷ್ಟಿದೆ ಎಂದು ಕಣ್ಣಾರೆ ನೋಡಿಕೊಂಡು ಬರಲು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೊರಟರು. ಆಸ್ಪತ್ರೆಯ ಕೌಂಟರಿನಲ್ಲಿ ಮುನಿರಾಮಯ್ಯ ಎಂದು ಒತ್ತಿದರೆ ಕಂಪ್ಯೂಟರು ಒಬ್ಬನನ್ನೇ ತೋರಿಸುತ್ತಿತ್ತು. ರೂಮು ಮುನ್ನೂರ ಹನ್ನೆರಡು.

ಇದ್ಯಾವುದೂ ಮೂರನೇ ಮಹಡಿಯ ಮುನಿರಾಮಯ್ಯನಿಗೆ ಗೊತ್ತಿರಲಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಅವನ ಹೆಂಡತಿ ರಾಮಲಕ್ಷ್ಮಮ್ಮ ಬ್ಯಾಂಡೇಜಿನ ಸಂದಿಯಲ್ಲಿ ಸ್ಟ್ರಾ ತೂರಿಸಿ ರಾಗಿ ಗಂಜಿ ಕುಡಿಸುತ್ತಿದ್ದಳು. ಬಾಗಿಲು ತೆರೆದು, ತೊಟ್ಟಿಲಿನಷ್ಟು ದೊಡ್ಡ ಹಣ್ಣಿನ ಬುಟ್ಟಿಯೊಂದು ಒಳಗೆ ಬಂತು. ಅದರ ಹಿಂದೆ ಬಿಳಿ ಜುಬ್ಬಾ ತೊಟ್ಟ ಒಬ್ಬರು ಬಂದರು.

ಅವರು ವಿಶ್ವನಾಥ. ಗದಗದ ಕಡೆಯವರು, ಆರ್.ಟಿ. ನಗರದಲ್ಲಿ ಸರ್ಕಾರಿ ಪರೀಕ್ಷೆಗಳಿಗೆ ತರಬೇತಿ ಕೊಡುವ ಸೆಂಟರು ನಡೆಸುತ್ತಿದ್ದರು. ಬ್ಯಾಂಡೇಜು ನೋಡಿದ್ದೇ ಅವರ ಕಣ್ಣು ತುಂಬಿಕೊಂಡವು. ಹಾಸಿಗೆಯ ಕಾಲ್ದೆಸೆಗೆ ಹೋಗಿ ಮುನಿರಾಮಯ್ಯನ ಪಾದ ಹಿಡಿದುಕೊಂಡರು. ತಾವು ಸಾಹೇಬರ ನೆರಳಿನಲ್ಲೇ ಬೆಳೆದವರು, ಅವರು ದಾರಿ ತೋರಿಸದೇ ಇದ್ದಿದ್ದರೆ ಇವತ್ತು ಈ ಊರಿನಲ್ಲಿ ಇರುತ್ತಲೇ ಇರಲಿಲ್ಲ ಎಂದು ರಾಮಲಕ್ಷ್ಮಮ್ಮನಿಗೆ ಹೇಳಿದರು. ರಾಮಲಕ್ಷ್ಮಮ್ಮ ಗಂಡನ ಮುಖ ನೋಡಿದಳು. ಮುಖ ಕಾಣಲಿಲ್ಲ, ಬ್ಯಾಂಡೇಜು ಕಂಡಿತು.

ಮುನಿರಾಮಯ್ಯ ನೆನಪನ್ನೆಲ್ಲ ಕೆದಕಿದ. ಮೂವತ್ತೆರಡು ವರ್ಷದಲ್ಲಿ ಎಷ್ಟೋ ಜನ ಹತ್ತಿದ್ದಾರೆ, ಇಳಿದಿದ್ದಾರೆ. ಪಾಸಿನ ತಾರೀಕು ಮುಗಿದಿದ್ದರೂ ಹೋಗಲಿ ಪಾಪ ಎಂದು ಬಿಟ್ಟ ಹುಡುಗರೂ ಇದ್ದರು. ಅವರಲ್ಲಿ ಒಬ್ಬನಿರಬೇಕು. ಪುಣ್ಯಾತ್ಮ, ಇನ್ನೂ ನೆನಪಿಟ್ಟುಕೊಂಡಿದ್ದಾನಲ್ಲ ಎಂದು ಸಂತೋಷವಾಗಿ ತಲೆಯಾಡಿಸಿದ. ವಿಶ್ವನಾಥರು ರೂಮಿನಲ್ಲಿದ್ದ ಒಂದು ಕುರ್ಚಿ, ಒಂದು ಸ್ಟೀಲು ಡಬ್ಬಿ, ಒಣಗಲು ಹಾಕಿದ್ದ ಟವೆಲು ಎಲ್ಲವನ್ನೂ ನೋಡಿ, ಇಷ್ಟು ದೊಡ್ಡವರಾಗಿ ಎಂಥ ಸರಳತೆ ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ಬಾಗಿಲು ಮುಂದಕ್ಕೆ ಮಾಡಿ, ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

“ಸಾಹೇಬ್ರ, ಸಿಟ್ಟಾಗಬ್ಯಾಡ್ರಿ, ಒಂದ್ ಮಾತ ಹೇಳ್ತೀನಿ. ನಿಮ್ಮ ಜಾಗದ ಮ್ಯಾಲ ಭಾಳ ಮಂದಿ ಕಣ್ಣ ಇಟ್ಟಾರ. ಅದು ಯಾರ್ಯಾರದೋ ಕೈಗೆ ಹೋಗಬಾರದ್ರಿ. ನೀವು ಒಮ್ಮೆ ಹೂಂ ಅಂದ್ರ ಸಾಕು, ನಾ ಅದನ್ನ ಜ್ವಾಕಿಲೆ ನೋಡ್ಕೋತೀನಿ.”

ಮನೆ ಬಿಟ್ಟರೆ ಮುನಿರಾಮಯ್ಯನಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಜಾಗ. ಜಕ್ಕೂರು ಕೆರೆಗೆ ಹೋಗುವ ರಸ್ತೆಯ ಬದಿಯಲ್ಲಿ ಅಪ್ಪ ಬಿಟ್ಟುಹೋದದ್ದು. ರಸ್ತೆಗೆ ಮುಖವಿದ್ದ ಮುಂದಿನ ಭಾಗ ದೊಡ್ಡವನಾದ ಇವನಿಗೆ, ಓಣಿಯಿಂದ ನುಗ್ಗಿ ಹೋಗಬೇಕಾದ ಹಿಂದಿನ ಭಾಗ ತಮ್ಮ ಮುನೀಂದ್ರನಿಗೆ ಎಂದು ಅಪ್ಪ ಹಂಚಿದ್ದ. ಸುತ್ತ ಅಪಾರ್ಟ್‌ಮೆಂಟು ಎದ್ದ ಮೇಲೆ ಮುಂದಿನ ಭಾಗಕ್ಕೆ ಬೆಲೆ ಬಂತು, ಅಣ್ಣತಮ್ಮಂದಿರ ಮಾತು ನಿಂತಿತು. ಎಂಟು ವರ್ಷದಿಂದ ಇಬ್ಬರೂ ಒಂದೇ ಬೀದಿಯಲ್ಲಿದ್ದು ಎದುರಾದರೆ ಆಕಾಶ ನೋಡಿಕೊಂಡು ಹೋಗುತ್ತಿದ್ದರು. ಅಲ್ಲಿ ಮೂರು ಮಳಿಗೆ ಕಟ್ಟಿಸಿ, ಮೊದಲನೆಯದರ ಮುಂದೆ ಕುರ್ಚಿ ಹಾಕಿಕೊಂಡು ಪೇಪರು ಓದಬೇಕೆಂಬುದು ಮುನಿರಾಮಯ್ಯನ ಬಹಳ ದಿನದ ಆಸೆ. ಅದರ ಸಂಗತಿ ಆರ್.ಟಿ. ನಗರದವರೆಗೂ ಹೇಗೆ ಹೋಯಿತು?

ಕೊಡಲ್ಲ ಎಂದು ತಲೆಯಾಡಿಸಲು ನೋಡಿದ. ಬ್ಯಾಂಡೇಜು ಬಿಗಿದಿದ್ದ ರೀತಿಗೆ ತಲೆ ಅಡ್ಡಡ್ಡ ಅಲ್ಲಾಡುತ್ತಿರಲಿಲ್ಲ, ಮೇಲೆ ಕೆಳಗೆ ಮಾತ್ರ ಅಲ್ಲಾಡುತ್ತಿತ್ತು. ವಿಶ್ವನಾಥರ ಮುಖ ಅರಳಿತು. ಇನ್ನೊಮ್ಮೆ ಪಾದ ಮುಟ್ಟಿ, ಬುಟ್ಟಿಯನ್ನು ಎದ್ದು ಕಾಣುವ ಹಾಗೆ ಮೇಜಿನ ಮೇಲಿಟ್ಟು, ಬಾಗಿಲ ಹೊರಗಿನ ಬೆಂಚಿನಲ್ಲೇ ಕೂತರು. ಇನ್ನು ಯಾರ್ಯಾರು ಬರುತ್ತಾರೆಂದು ನೋಡಬೇಕಿತ್ತು.

ಹತ್ತೂವರೆಗೆ ಪ್ರತಿಭಾ ಬಂದರು. ಯಶವಂತಪುರದ ಕಡೆಯ ಕಾಲೇಜೊಂದರಲ್ಲಿ ಲೆಕ್ಚರರು, ಮಹಿಳಾ ಪದವೀಧರರ ವೇದಿಕೆಯೊಂದರ ಅಧ್ಯಕ್ಷೆ. ಘಾಟಿಯ ದೇವಸ್ಥಾನದಿಂದ ತಂದ ಕುಂಕುಮವನ್ನು ಹಚ್ಚಲು ಹಣೆ ಸಿಗದೆ ಬ್ಯಾಂಡೇಜಿನ ಮೇಲೆಯೇ ಹಚ್ಚಿದರು. ಅವರು ಹೊರಗಿನ ಬೆಂಚಿನಲ್ಲಿದ್ದ ವಿಶ್ವನಾಥರ ಹಾಗೆ ಬಳಸಿ ಮಾತಾಡಲಿಲ್ಲ. ಇಂಥ ಹೊತ್ತಿನಲ್ಲಿ ಕೇಳಬಾರದು, ಆದರೆ ಕೇಳದಿದ್ದರೆ ಆಮೇಲೆ ಯಾರೂ ಕೇಳುವುದಿಲ್ಲ ಎಂದು ಶುರುಮಾಡಿ, ಇಷ್ಟು ವರ್ಷ ಗಂಡಸರೇ ಅನುಭವಿಸಿದ ಜಾಗ ಈ ಸಲವಾದರೂ ಹೆಣ್ಣುಮಗಳ ಪಾಲಿಗೆ ಬಂದರೆ ನ್ಯಾಯವಾಗುತ್ತದೆ ಎಂದರು. ಕಾನೂನೂ ಈಗ ಹೆಣ್ಣುಮಕ್ಕಳ ಕಡೆಗೇ ಇದೆ ಎಂದು ಸೇರಿಸಿದರು.

ಯಶವಂತಪುರ ಎಂದ ಕೂಡಲೇ ಮುನಿರಾಮಯ್ಯನಿಗೆ ಎಲ್ಲ ಅರ್ಥವಾಯಿತು. ಮಗಳು ರಮಾ ಕಳಿಸಿದ್ದಾಳೆ. ತಾನೇ ಬಂದು ಕೇಳಲು ನಾಚಿಕೆಯಾಗಿ, ಓದಿದ ಹೆಂಗಸೊಬ್ಬಳನ್ನು ಮುಂದೆ ಬಿಟ್ಟಿದ್ದಾಳೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಹೀಗೆ ಅವಸರ ಮಾಡಬೇಕಾದರೆ ತನಗೆ ಏನಾಗಿರಬೇಕು? ಬರೀ ದವಡೆ ಕಳಚಿದವನನ್ನು ನೋಡಲು ಗುರುತಿಲ್ಲದವರು ಅಳುತ್ತ ಬರುತ್ತಾರೆಯೇ? ತಲೆಯನ್ನು ಮಿಸುಕಾಡಿಸದೆ ಇರಬೇಕೆಂದುಕೊಂಡ. ಅಷ್ಟರಲ್ಲಿ ಸೀನು ಬಂತು. ಸೀನಿದರೆ ದವಡೆ ಹೋದೀತೆಂದು ಅದನ್ನು ನುಂಗಿದಾಗ ತಲೆ ಮೇಲಕ್ಕೂ ಕೆಳಕ್ಕೂ ಹೋಯಿತು. ಪ್ರತಿಭಾ ಕಣ್ಣೊರೆಸಿಕೊಂಡು ಥ್ಯಾಂಕ್ಸ್ ಸರ್ ಎಂದರು. ಅವರೂ ಬೆಂಚಿನಲ್ಲೇ ಕೂತರು, ವಿಶ್ವನಾಥರಿಂದ ಒಂದು ಮೊಳ ದೂರದಲ್ಲಿ.

ಅಶ್ವತ್ಥ್ ಬಂದಾಗ ಹನ್ನೊಂದು ಗಂಟೆ ದಾಟಿತ್ತು. ಯಲಹಂಕದ ಮಾಜಿ ಕಾರ್ಪೊರೇಟರು, ಅಂಚೆ ಮೂಲಕ ಡಿಗ್ರಿ ಮಾಡಿಕೊಂಡವರು. ಜೊತೆಗೆ ನಾಲ್ಕು ಜನ ಬೆಂಬಲಿಗರು, ಒಬ್ಬ ಫೋಟೋಗ್ರಾಫರು, ಬೆಳಿಗ್ಗೆಯೇ ಮಾಡಿಸಿದ ಮೃತ್ಯುಂಜಯ ಹೋಮದ ಬೂದಿ. ಬೂದಿ ಹಚ್ಚುವಾಗ ಒಂದು ಫೋಟೋ, ಕೈ ಹಿಡಿದುಕೊಂಡಾಗ ಒಂದು, ಕಣ್ಣೊರೆಸಿಕೊಳ್ಳುವಾಗ ಎರಡು. ಕಣ್ಣೊರೆಸಿದ್ದು ಮೊದಲ ಸಲ ಸರಿಯಾಗಿ ಬಂದಿರಲಿಲ್ಲ. ಮೃತ್ಯುಂಜಯ ಹೋಮ ಎಂಬ ಹೆಸರು ಕೇಳಿದ್ದೇ ರಾಮಲಕ್ಷ್ಮಮ್ಮ ಗಂಜಿಯ ಲೋಟ ಕೆಳಗಿಟ್ಟಳು. ಅವರು ಹೊರಗೆ ಹೋದಾಗ ಸದ್ದಿಲ್ಲದೆ ಹಿಂದೆಯೇ ಹೋಗಿ ಬಾಗಿಲ ಮರೆಯಲ್ಲಿ ನಿಂತಳು.

ಹೊರಗೆ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡು, ತಾವು ಬಂದದ್ದು ಬರೀ ಮನುಷ್ಯತ್ವದಿಂದ ಎಂದು ಹೇಳಿಕೊಂಡರು. ಆಮೇಲೆ ಅಶ್ವತ್ಥ್ ತಮ್ಮ ಬೆಂಬಲಿಗನೊಬ್ಬನಿಗೆ ಉಪಚುನಾವಣೆಯ ನಿಯಮವನ್ನು ಪಿಸುದನಿಯಲ್ಲಿ ವಿವರಿಸುತ್ತಿದ್ದರು. ಬಹಿರಂಗ ಸಭೆಗಳಲ್ಲಿ ಪಳಗಿದ ಗಂಟಲು ಅದು. ಪಿಸುದನಿಯೂ ಕಾರಿಡಾರಿನ ಕೊನೆಯವರೆಗೆ ಹೋಗುತ್ತಿತ್ತು.

“ಆರು ತಿಂಗಳು ಕಣೋ. ಜಾಸ್ತಿ ಅಂದ್ರೆ ಆರು ತಿಂಗಳು. ಅಷ್ಟರೊಳಗೆ ಎಲ್ಲಾ ಮುಗಿದುಹೋಗ್ಲೇಬೇಕು, ರೂಲ್ಸೇ ಹಂಗಿರೋದು.”

ರಾಮಲಕ್ಷ್ಮಮ್ಮ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಏನೆಂದು ಮುನಿರಾಮಯ್ಯ ಕಣ್ಣಿನಲ್ಲೇ ಕೇಳಿದ. ಏನೂ ಇಲ್ಲ ಎಂದಳು. ನಲವತ್ತು ವರ್ಷ ಸಂಸಾರ ಮಾಡಿದವನಿಗೆ ಆ ‘ಏನೂ ಇಲ್ಲ’ದ ಅಳತೆ ಗೊತ್ತಿತ್ತು. ಅವನು ದಿಟ್ಟಿಸಿಯೇ ನೋಡಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಆರು ಬೆರಳು ತೋರಿಸಿದಳು. ಆರು ದಿನವೇ ಎಂದು ಕಣ್ಣಿನಲ್ಲಿ ಮತ್ತೆ ಕೇಳಿದ. “ಇಲ್ಲ, ತಿಂಗ್ಳು” ಎಂದು ಹೇಳಿ, ಅದೊಂದು ಸಮಾಧಾನವೆಂಬಂತೆ ಅವನ ಕಾಲು ಒತ್ತತೊಡಗಿದಳು.

ಡಾಕ್ಟರ್ ಜಿಯಾವುಲ್ಲಾ ರೌಂಡ್ಸಿಗೆ ಬಂದದ್ದು ಆಗಲೇ. ಬ್ಯಾಂಡೇಜಿನ ಮೇಲೆ ಕುಂಕುಮ, ಅದರ ಮೇಲೆ ಬೂದಿ ನೋಡಿ ಹುಬ್ಬೇರಿಸಿದರು. ದವಡೆ ಮುಟ್ಟಿ ನೋಡಿ ನಕ್ಕರು. ರಾಮಲಕ್ಷ್ಮಮ್ಮ ಕೈಜೋಡಿಸಿ, ಏನಿದ್ದರೂ ಮುಚ್ಚಿಡಬೇಡಿ, ತಾನು ಗಟ್ಟಿಯಾಗಿದ್ದೇನೆ ಎಂದು ಕೇಳಿಕೊಂಡಳು.

“ಏನಿಲ್ಲಮ್ಮ, ನಾಳೆ ಮನೆಗೆ ಕರ್ಕೊಂಡ್ ಹೋಗಿ. ಏನ್ ಇಷ್ಟಾನೋ ಮಾಡಿ ತಿನ್ನಿಸಿ, ಮೆತ್ತಗಿರ್ಬೇಕು ಅಷ್ಟೆ” ಎಂದರು ಡಾಕ್ಟರು.

ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿದರು. ಮುನಿರಾಮಯ್ಯನ ಅಪ್ಪನನ್ನೂ ದೊಡ್ಡಾಸ್ಪತ್ರೆಯಿಂದ ಇದೇ ಮಾತು ಹೇಳಿ ಕಳಿಸಿದ್ದರು. ಇಷ್ಟವಾದದ್ದನ್ನು ಮಾಡಿ ತಿನ್ನಿಸಿ ಎಂದೇ ಹೇಳಿದ್ದರು. ಅಪ್ಪ ಹೋಳಿಗೆ ಕೇಳಿದ್ದ. ಬೇಳೆ ಬೇಯುವಷ್ಟು ಹೊತ್ತೂ ಇರಲಿಲ್ಲ.

ಡಾಕ್ಟರು ಹೋದ ಮೇಲೆ ಮುನಿರಾಮಯ್ಯ ತನ್ನ ಜೀವನವನ್ನೆಲ್ಲ ನೆನೆದುಕೊಂಡ. ದೊಡ್ಡ ತಪ್ಪೇನೂ ಕಾಣಲಿಲ್ಲ. ಸಣ್ಣವೆಂದರೆ ಬಸ್ಸಿನಲ್ಲಿ ಚಿಲ್ಲರೆ ಇಲ್ಲ ಎಂದ ಸಂದರ್ಭಗಳು. ಆದರೆ ಎದೆಯೊಳಗೆ ಒಂದು ಮುಳ್ಳು ಮಾತ್ರ ಇತ್ತು, ತಮ್ಮ. ಅವನಿಗೆ ಈಜು ಕಲಿಸಿದ್ದು, ಸೈಕಲ್ಲು ಕಲಿಸಿದ್ದು ತಾನೇ. ಎಂಟು ವರ್ಷವಾಯಿತು ಅವನ ದನಿ ಕೇಳಿ.

ಆ ದನಿ ಬಾಗಿಲಲ್ಲೇ ಕೇಳಿಸಿತು. ಮುನೀಂದ್ರ ನಿಂತಿದ್ದ. ಕೈಯಲ್ಲಿ ಬಟ್ಟೆ ಸುತ್ತಿದ ಅಂಬಲಿಯ ಪಾತ್ರೆ, ಕಣ್ಣು ಕೆಂಪಗೆ. ಇವನೂ ಬಂದನೆಂದರೆ ತನ್ನ ಕಥೆ ಮುಗಿದ ಹಾಗೇ ಎಂದು ಮುನಿರಾಮಯ್ಯನಿಗೆ ಉಳಿದಿದ್ದ ಅನುಮಾನವೂ ಹೋಯಿತು. ಮುನೀಂದ್ರ ಓಡಿಬಂದು ಅಣ್ಣನ ಹೊಟ್ಟೆಯ ಮೇಲೆ ತಲೆಯಿಟ್ಟ.

“ಅಣ್ಣಾ, ಆ ಹಾಳು ಜಾಗ ಯಾವನಿಗ್ ಬೇಕು. ನೀನು ಎದ್ದು ಬಂದ್ರೆ ಅಷ್ಟೇ ಸಾಕು ನಂಗೆ. ಎಂಟು ವರ್ಷ ಇಂಗೆ ಮಕ ತಿರುಗಿಸ್ಕೊಂಡು ಓಡಾಡಿದ್ನಲ್ಲ, ನನ್ ಬುದ್ಧಿಗಿಷ್ಟು.”

ರಾಮಲಕ್ಷ್ಮಮ್ಮ ಜೋರಾಗಿ ಅತ್ತಳು. ಮುನಿರಾಮಯ್ಯನ ಊದಿದ ಕಣ್ಣಿನಿಂದಲೂ ನೀರು ಇಳಿದು ಬ್ಯಾಂಡೇಜು ಒದ್ದೆಯಾಯಿತು. ಬೆಳಿಗ್ಗೆಯಿಂದ ಬಂದವರು ಜಾಗ ಕೇಳಿದರು. ಗುರುತಿಲ್ಲದವರು ಕೇಳಿದರು, ಮಗಳು ಹೇಳಿ ಕಳಿಸಿದಳು. ಬೇಡ ಎಂದವನು ಇವನೊಬ್ಬನೇ. ಅವನು ಕೈಸನ್ನೆ ಮಾಡಿ ಹೆಂಡತಿಯಿಂದ ಪೆನ್ನು ತರಿಸಿಕೊಂಡ. ಸ್ಕ್ಯಾನಿನ ಕವರಿನಲ್ಲಿದ್ದ ಖಾಲಿ ಹಾಳೆಯ ಮೇಲೆ, ಬಸ್ಸಿನ ಓಲಾಟದಲ್ಲಿ ಬರೆದು ಅಭ್ಯಾಸವಾಗಿದ್ದ ದೊಡ್ಡ ಅಕ್ಷರಗಳಲ್ಲಿ ಬರೆಯತೊಡಗಿದ. ಮುನೀಂದ್ರ ಬೇಡಣ್ಣ, ಬೇಡಣ್ಣ ಎನ್ನುತ್ತಲೇ ಹಾಳೆ ಜಾರದಂತೆ ಕೆಳಗೆ ಒಂದು ರಟ್ಟು ಕೊಟ್ಟ.

ಸಾಹೇಬರು ಏನೋ ಬರೆಯುತ್ತಿದ್ದಾರೆಂದು ಬೆಂಚಿಗೆ ಹೇಗೆ ತಿಳಿಯಿತೋ. ಮೂವರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದರು, ಹಿಂದೆ ಫೋಟೋಗ್ರಾಫರು. ಹಾಳೆಯ ಮೇಲೆ ಹೀಗಿತ್ತು: ‘ನನ್ನ ಮುಂದಿನ ಜಾಗ ನನ್ನ ತಮ್ಮ ಮುನೀಂದ್ರನಿಗೆ. ಇದು ನನ್ನ ಮನಃಪೂರ್ವಕ ಒಪ್ಪಿಗೆ. ಮುನಿರಾಮಯ್ಯ.’

ಬರೆದವನು ರಸ್ತೆಯ ಕಡೆಯ ಮುಂದಿನ ಭಾಗ ಎಂದು ಬರೆದಿದ್ದ. ಓದಿದವರು ಮುಂದಿನ ಅವಧಿ ಎಂದು ಓದಿದರು. ಸಾಹೇಬರಿಗೆ ತಮ್ಮನಿರುವುದೇ ಅವರಿಗೆ ಗೊತ್ತಿರಲಿಲ್ಲ. ಇಂಥವನೊಬ್ಬನನ್ನು ಬಚ್ಚಿಟ್ಟುಕೊಂಡು ಈಗ ಹೊರಗೆ ತೆಗೆದಿದ್ದಾರೆ, ಅಂಬಲಿ ಪಾತ್ರೆಯ ಸಮೇತ. ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವರು ಅಶ್ವತ್ಥ್. ಸಾಹೇಬರ ತೀರ್ಮಾನವೇ ತಮ್ಮ ತೀರ್ಮಾನ ಎಂದು ಹೇಳಿ ಮುನೀಂದ್ರನನ್ನು ತಬ್ಬಿಕೊಂಡರು. ತಾವೂ ಅದನ್ನೇ ಹೇಳಬೇಕೆಂದಿದ್ದೆವು ಎಂದು ಉಳಿದಿಬ್ಬರು ಹೇಳಿದರು.

ಮುನೀಂದ್ರ ಬಹಳ ಸಂಕೋಚದಿಂದ, ದೊಡ್ಡವರು ಇದ್ದೀರಿ, ಕೆಳಗೆ ಸಾಕ್ಷಿ ಅಂತ ಒಂದು ರುಜು ಹಾಕಿದರೆ ಅಣ್ಣನ ಮನಸ್ಸಿಗೆ ನೆಮ್ಮದಿ ಎಂದ. ಮೊದಲ ರುಜು ಯಾರದಾಗಬೇಕೆಂಬುದಕ್ಕೆ ಸಣ್ಣ ನೂಕಾಟವಾಯಿತು. ಹೊಸ ನಾಯಕನಿಗೆ ಮೊದಲು ನಿಷ್ಠೆ ತೋರಿಸಿದವರು ಯಾರೆಂದು ನಾಳೆ ಲೆಕ್ಕಕ್ಕೆ ಬರುತ್ತದಲ್ಲ. ವಿಶ್ವನಾಥರು ಹಾಕಿದರು. ಪ್ರತಿಭಾ ಅದರ ಪಕ್ಕದಲ್ಲೇ, ಕೆಳಗಲ್ಲ, ಹಾಕಿದರು. ಅಶ್ವತ್ಥ್ ರುಜುವಿನ ಜೊತೆ ಮಾಜಿ ಕಾರ್ಪೊರೇಟರು ಎಂದೂ ಬರೆದು ಫೋಟೋ ತೆಗೆಸಿದರು. ಮುನಿರಾಮಯ್ಯ ತಮ್ಮನ ತಲೆಯ ಮೇಲೆ ಕೈಯಿಟ್ಟ. ಅದರದೂ ಫೋಟೋ ಆಯಿತು. ರಾಮಲಕ್ಷ್ಮಮ್ಮ ಆಗಲೇ ಫೋನು ತೆಗೆದು, ಅಣ್ಣತಮ್ಮಂದಿರು ಒಂದಾದರೆಂದು ಜಕ್ಕೂರಿನ ಅರ್ಧ ಊರಿಗೆ ಅಳುತ್ತ ಹೇಳುತ್ತಿದ್ದಳು.

ಆಗ ಹೊರಗೆ ಗಾಲಿ ಕುರ್ಚಿಯ ಕಿರಕಿರ ಸದ್ದಾಯಿತು. ಎಕ್ಸ್‌ರೇ ರೂಮು ಇದ್ದದ್ದು ಮೂರನೇ ಮಹಡಿಯಲ್ಲೇ. ಪಾದಕ್ಕೆ ಒಂದು ಪಟ್ಟಿ ಸುತ್ತಿಕೊಂಡು, ಬಾಯಲ್ಲಿ ಅಡಿಕೆ ಹಾಕಿಕೊಂಡು, ಎಂಎಲ್‌ಸಿ ಮುನಿರಾಮಯ್ಯನವರು ಅದರತ್ತ ಹೊರಟಿದ್ದರು. ತೆರೆದ ಬಾಗಿಲಲ್ಲಿ ಪರಿಚಿತ ಬೆನ್ನುಗಳು ಕಂಡು ಕುರ್ಚಿ ನಿಲ್ಲಿಸಿದರು.

“ಏನ್ರಯ್ಯಾ, ಎಲ್ರೂ ಇಲ್ಲೇ ಇದ್ದೀರಿ. ಯಾರಿಗ್ ಹುಷಾರಿಲ್ಲ?”

“ನಿಮಗರೀ, ಸಾಹೇಬ್ರ” ಎಂದರು ವಿಶ್ವನಾಥ, ತಿರುಗಿ ನೋಡುವ ಮೊದಲೇ.

ಆಮೇಲಿನದು ಬೇಗ ಮುಗಿಯಿತು. ಸಾಹೇಬರಿಗೆ ಕಾಲು ಉಳುಕಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಇನ್ನು ನಾಲ್ಕು ವರ್ಷ ಎಲ್ಲಿಗೂ ಹೋಗುವುದಿಲ್ಲ, ಪಾರ್ಟಿ ಹೇಳಿದರೆ ಅದಾದ ಮೇಲೂ ಇನ್ನೊಂದು ಸಲ ನಿಲ್ಲುತ್ತೇನೆ ಎಂದು ಅವರು ಅಡಿಕೆ ಅಗಿಯುತ್ತ ಹೇಳಿದರು. ಮೂವರಿಗೂ ಆದ ಸಂತೋಷ ಅಷ್ಟಿಷ್ಟಲ್ಲ. ಅಶ್ವತ್ಥ್ ಗಾಲಿ ಕುರ್ಚಿಯ ಹಿಡಿ ಹಿಡಿದು ತಾವೇ ತಳ್ಳಿಕೊಂಡು ಹೋದರು, ಪ್ರತಿಭಾ ಪಕ್ಕದಲ್ಲಿ ನಡೆದರು. ವಿಶ್ವನಾಥರು ಒಂದು ನಿಮಿಷ ಹಿಂದಕ್ಕೆ ಬಂದು, ರಾಮಲಕ್ಷ್ಮಮ್ಮನನ್ನು ನೋಡದೆ, ಹಣ್ಣಿನ ಬುಟ್ಟಿಯನ್ನು ಎತ್ತಿಕೊಂಡು ಹೋದರು.

ಮುನಿರಾಮಯ್ಯನಿಗೆ ಎಲ್ಲವನ್ನೂ ಒಂದೊಂದಾಗಿ ಬಿಡಿಸಿಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಆರು ತಿಂಗಳು ತನ್ನದಲ್ಲ, ಉಪಚುನಾವಣೆಯದು. ಯಶವಂತಪುರದ ಹೆಂಗಸಿಗೂ ಮಗಳಿಗೂ ಸಂಬಂಧವಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದರೆ ಮನೆಗೆ ಕರೆದುಕೊಂಡು ಹೋಗಿ ಎಂದಷ್ಟೇ ಅರ್ಥ. ರಾಮಲಕ್ಷ್ಮಮ್ಮ ಅತ್ತಳು, ನಕ್ಕಳು, ಉಳಿದ ಗಂಜಿಯನ್ನು ತಾನೇ ಕುಡಿದಳು. ಅವನಿಗೂ ನಗಬೇಕೆನಿಸಿತು. ದವಡೆಯ ಭಯಕ್ಕೆ ಹೊಟ್ಟೆಯೊಳಗೇ ನಕ್ಕ.

ಜಾಗದ ನೆನಪಾದದ್ದು ಆಮೇಲೆ. ಮುನೀಂದ್ರ ಎಲ್ಲಿ? ಗಲಾಟೆಯ ನಡುವೆ ಟೀ ತರುತ್ತೇನೆಂದು ಹೋದವನು ಬಂದಿರಲಿಲ್ಲ. ಹಾಳೆ ಅವನ ಹತ್ತಿರವೇ ಇತ್ತು. ರಾಮಲಕ್ಷ್ಮಮ್ಮ, ವಾಪಸ್ ಕೇಳಿದರೆ ಕೊಟ್ಟುಬಿಡುತ್ತಾನೆ, ಬೇಡ ಬೇಡ ಎಂದವನಲ್ಲವೇ ಎಂದಳು. ಮುನಿರಾಮಯ್ಯ ಯೋಚಿಸಿದ. ಊರಿಗೆಲ್ಲ ಗೊತ್ತಾಗಿದೆ, ಮಧ್ಯಾಹ್ನದಿಂದ ಹಿರಿಯರು ಫೋನು ಮಾಡಿ, ಅಣ್ಣ ಅಂದರೆ ಹೀಗಿರಬೇಕು ಎಂದು ಹೊಗಳಿದ್ದಾರೆ. ಈಗ ಸಾಯುವುದಿಲ್ಲವೆಂದು ಗೊತ್ತಾಯಿತು, ಜಾಗ ವಾಪಸ್ ಕೊಡು ಎಂದು ಕೇಳುವುದು ಹೇಗೆ? ಅಲ್ಲದೆ ಮಿಕ್ಕವರೆಲ್ಲ ಆಸೆಗೆ ಅತ್ತರು, ತಮ್ಮ ಮಾತ್ರ ತನಗಾಗಿ ಅತ್ತ. ಮೂರು ಮಳಿಗೆ ಹೋದರೆ ಹೋಗಲಿ, ತಮ್ಮ ಸಿಕ್ಕನಲ್ಲ. ಹಾಗೆಂದುಕೊಂಡಾಗ ಮನಸ್ಸು ಹಗುರವಾಯಿತು. ಬಹಳ ವರ್ಷದ ಮೇಲೆ ಇಂಥ ನೆಮ್ಮದಿ ಎಂದು ಕಣ್ಣುಮುಚ್ಚಿದ.

ಐದು ಗಂಟೆಗೆ ನರ್ಸ್ ತೇಜಸ್ವಿನಿ ಮಾತ್ರೆ ಕೊಡಲು ಬಂದಳು. ಮಧ್ಯಾಹ್ನದವರೆಗೆ ನೆಲಮಹಡಿಯಲ್ಲಿ ಇದ್ದವಳು, ಈಗ ಮೂರನೇ ಮಹಡಿಗೆ ಬಂದಿದ್ದಳು. ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸುತ್ತ, ರೋಗಿಯ ಮನಸ್ಸು ಗೆಲುವಾಗಲೆಂದು ಒಳ್ಳೆಯ ಮಾತಾಡಿದಳು.

“ನಿಮ್ ತಮ್ಮ ತುಂಬಾ ಒಳ್ಳೆಯವ್ರು ಅಂಕಲ್. ಬೆಳಿಗ್ಗೆ ಎಂಟೂವರೆಯಿಂದ ಕೆಳಗೆ ಲಿಫ್ಟ್ ಹತ್ರಾನೇ ಕೂತಿದ್ರು. ಎಂಎಲ್‌ಸಿ ಮುನಿರಾಮಯ್ಯ ಅಂತ ಯಾರೇ ಕೇಳ್ಕೊಂಡು ಬಂದ್ರೂ ಅವ್ರೇ ಎದ್ದು, ಮೂರನೇ ಫ್ಲೋರು, ಮುನ್ನೂರ ಹನ್ನೆರಡು ಅಂತ ಹೇಳಿ ಲಿಫ್ಟ್ ಹತ್ತಿಸೋರು. ಎಂಎಲ್‌ಸಿ ಸರ್ ಐದನೇ ಫ್ಲೋರಲ್ಲಿದ್ದಾರೆ ಅಂತ ನಾನೇ ಹೇಳ್ದೆ. ‘ಇರ್ಲಿ ಸಿಸ್ಟರ್, ನಮ್ಮಣ್ಣನ್ನ ನೋಡೋಕೆ ಯಾರೂ ಬರಲ್ಲ, ಇವ್ರಾದ್ರೂ ಬಂದು ಮಾತಾಡಿಸ್ಲಿ’ ಅಂದ್ರು ಪಾಪ.”

ರಾಮಲಕ್ಷ್ಮಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಮುನಿರಾಮಯ್ಯ ಕಣ್ಣು ತೆರೆದ.

ತೇಜಸ್ವಿನಿ ಸ್ಟ್ರಾವನ್ನು ಬ್ಯಾಂಡೇಜಿನ ಸಂದಿಗೆ ತೂರಿಸಿದಳು. “ಮಧ್ಯಾಹ್ನ ಹೋಗುವಾಗ, ಇಲ್ಲಿ ಹತ್ರದಲ್ಲಿ ಲ್ಯಾಮಿನೇಷನ್ ಮಾಡೋ ಅಂಗಡಿ ಎಲ್ಲಿದೆ ಅಂತ ಕೇಳಿದ್ರು. ಗೇಟಿನ ಎದುರಿಗೇ ಇದೆ ಅಂತ ತೋರಿಸ್ದೆ. ಕುಡೀರಿ ಅಂಕಲ್.”